ಓಬಯ್ಯ ಕಾರಿನ ಕೆಮ್ಮು ನಿಲ್ಲಿಸಿದ್ದು

ಹೂಂ ಅನ್ನೋರು ಹತ್ತಿರ ಬನ್ನಿ, ಆಕಳಿಸೋರು ಆ ಕಡೆ ತಿರುಗಿ ಮಲಗಿ. ಕತೆ ಶುರು.

ಚಿತ್ರದುರ್ಗದ ಕಡೆ ಹೆದ್ದಾರಿ ಪಕ್ಕ ಮಾರಕ್ಕ ಅಂತ ಒಬ್ಬಳಿದ್ದಳು. ಗಂಡ ಸತ್ತ ಮೇಲೆ ಅವನ ಗ್ಯಾರೇಜು ಅವಳ ಕೈಗೆ ಬಂತು. ಜೊತೆಗೆ ಮಗ ಓಬಯ್ಯನೂ ಬಂದ. ಗ್ಯಾರೇಜಿನ ಕೆಲಸ ಹೇಗೋ ಕಲಿತಳು. ಮಗನನ್ನು ರಿಪೇರಿ ಮಾಡೋದು ಮಾತ್ರ ಆಗಲೇ ಇಲ್ಲ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರೀಲಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡೋನು. ಅದೇ ಕಷ್ಟ!

ಗಿರಾಕಿಗಳು ಒಬ್ಬೊಬ್ಬರೇ ಜಾರಿಕೊಂಡರು. ಕೊನೆಗೆ ಉಳಿದದ್ದು ಪಾಲಾಕ್ಷಪ್ಪನ ಹಳೇ ಕೆಂಪು ಕಾರು. ಒಂದು ಕಾಲಕ್ಕೆ ರೇಸು ಗೆದ್ದ ಕಾರು. ಈಗ ನಿಧಾನಕ್ಕೆ ಓಡಿಸಿದರೆ ಬೆಣ್ಣೆ ಹಾಗೆ ಓಡುತ್ತೆ, ಜೋರಾಗಿ ಒತ್ತಿದರೆ ಪಟ್ ಪಟ್ ಅಂತ ಕೆಮ್ಮುತ್ತೆ.

"ಮಾರಕ್ಕ, ಭಾನುವಾರ ರೇಸು. ಕೆಮ್ಮು ನಿಲ್ಲಿಸು, ನನ್ನ ಗೆಳೆಯರ ಕಾರೆಲ್ಲ ನಿನ್ನ ಹತ್ರಾನೇ ಕಳಿಸ್ತೀನಿ. ಆಗಲ್ಲ ಅಂದ್ರೆ ಈಗಲೇ ಹೇಳು," ಅಂದ ಪಾಲಾಕ್ಷಪ್ಪ.

"ಆಗುತ್ತೆ ಅಣ್ಣಾ," ಅಂದಳು ಮಾರಕ್ಕ. ಇಲ್ಲ ಅಂದರೆ ಗ್ಯಾರೇಜಿಗೆ ಬೀಗ ಹಾಕೋದೊಂದೇ ಬಾಕಿ.

ಮಗನನ್ನು ಕರೆದಳು. "ಲೇ ಓಬಾ, ಇಂಜಿನ್ ಹತ್ರ ಕೂತ್ಕೋ. ಆಕ್ಸಿಲೇಟರಿನ ವೈರು ಇಲ್ಲಿಗೆ ಎಳೆದು ಕಟ್ಟಿದೀನಿ, ಅದನ್ನ ಎಳೀತಾ ಹೋಗು. ಎಲ್ಲಿ ಕೆಮ್ಮುತ್ತೆ ಅಂತ ಕಿವಿಗೊಟ್ಟು ಕೇಳು. ಬೇರೆ ಏನೂ ಮಾಡಬೇಡ!"

ಓಬಯ್ಯ ಕಣ್ಣು ಮುಚ್ಚಿಕೊಂಡು ಕೇಳಿದ. ಬಿಸಿ ಪೈಪಿನ ಮೇಲೆ ಎಣ್ಣೆಬಟ್ಟೆ ಬಿದ್ದಿತ್ತು. ಅದು ಸುಟ್ಟಿತು, ಹೊಗೆ ಎದ್ದಿತು, ಗ್ಯಾರೇಜೆಲ್ಲ ಕಪ್ಪಾಯಿತು. ಇವನು ಕೇಳಿದ್ದೇ ಕೇಳಿದ್ದು! ಮಾರಕ್ಕ ಓಡಿಬಂದು ಬಕೆಟ್ ನೀರು ಸುರಿದಳು.

"ಅಯ್ಯೋ ನಿನ್ನ! ಕಾಣಲಿಲ್ಲವೇನೋ?"

"ಕೇಳು ಅಂದೆ ಅವ್ವಾ, ಕೇಳಿದೆ. ವೈರು ಮುಕ್ಕಾಲು ಎಳೆದದ್ದೇ ಕೆಮ್ಮು ಶುರು."

"ಹೊಗೆ ಕಂಡ್ರೆ ಮೊದಲು ನೀರು ಸುರೀಬೇಕು ಕಣೋ! ಯೋಚನೆ ಗೀಚನೆ ಮಾಡಬಾರದು!"

"ಆಯ್ತವ್ವಾ."

ಸಂಜೆ ಪಾಲಾಕ್ಷಪ್ಪ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಾಯಲ್ಲಿ ಬೀಡಿ. "ಏನಯ್ಯಾ ಓಬಯ್ಯಾ, ಕಾರು ಎಲ್ಲಿಗೆ..." ಅನ್ನುತ್ತಿದ್ದ ಹಾಗೇ, ದಬಾರ್! ಬಕೆಟ್ ನೀರು ಮುಖಕ್ಕೆ.

"ಅವ್ವಾ, ಹೊಗೆ ಆರಿತು!"

ಮಾರಕ್ಕ ಕೈಮುಗಿದಳು, ಕಾಲು ಹಿಡಿದಳು, ತನ್ನ ಸೆರಗಲ್ಲೇ ಪಾಲಾಕ್ಷಪ್ಪನ ತಲೆ ಒರೆಸಿದಳು. "ಶನಿವಾರದವರೆಗೆ ನೋಡ್ತೀನಿ," ಅಂತ ಅವನು ನೀರು ಸೋರಿಸುತ್ತಾ ಹೋದ.

"ನೋಡ್ತಾ ನಿಂತಿದ್ದೀಯಲ್ಲೋ! ಒದ್ದೆ ಕಂಡ್ರೆ ಒಣಬಟ್ಟೆ ತಂದು ಒರೆಸಬೇಕು. ಒಂದು ತೊಟ್ಟೂ ಉಳೀಬಾರದು!"

"ಆಯ್ತವ್ವಾ."

ಮಾರನೇ ದಿನ ಮಾರಕ್ಕ ಪ್ಲಗ್ಗು ಬದಲಾಯಿಸಿದಳು. ಕೆಮ್ಮು ಹೋಗಲಿಲ್ಲ. ಪೆಟ್ರೋಲು ಸೋಸೋ ಫಿಲ್ಟರು ಬದಲಾಯಿಸಿದಳು. ಹೋಗಲಿಲ್ಲ. ಇಂಜಿನ್ನಿನ ಮೇಲಿನ ಮುಚ್ಚಳ ಬಿಚ್ಚಿ ಒಳಗಿನ ಸ್ಪ್ರಿಂಗುಗಳನ್ನ ನೋಡಿದಳು. ಸರಿಯಾಗೇ ಇದ್ದವು. ಸೊಂಟ ಬಿದ್ದುಹೋಗಿತ್ತು. ಮುದ್ದೆ ತಿರುವಿ ಬರ್ತೀನಿ ಅಂತ ಮನೆಗೆ ಹೋದಳು.

ಬಂದು ನೋಡಿದರೆ ಇಂಜಿನ್ನಿನ ಒಳಗೆಲ್ಲ ಫಳಫಳ! ಹನಿ ಆಯಿಲ್ ಇಲ್ಲ!

"ಒಳಗೆಲ್ಲ ಒದ್ದೆ ಅವ್ವಾ! ನಿನ್ನ ಹಳೇ ಸೀರೇಲಿ ಒರೆಸಿದೆ. ಎಷ್ಟು ಒರೆಸಿದ್ರೂ ಕೆಳಗೆ ಇನ್ನೂ ಇತ್ತು. ಬೋಲ್ಟು ಬಿಚ್ಚಿ ಮೋರಿಗೆ ಬಿಟ್ಟೆ."

ಮಾರಕ್ಕನಿಗೆ ಬೈಯೋಕೂ ತ್ರಾಣ ಇರಲಿಲ್ಲ. ಟೈರಿನ ಮೇಲೆ ಕೂತಳು.

"ಓಬಾ, ನನ್ನಪ್ಪಾ, ಇನ್ನು ಮೇಲೆ ನಾನು ಮಾಡು ಅಂದದ್ದು ಮಾತ್ರ ಮಾಡು. ಸಾಕು ಅನ್ನೋ ತನಕ ಬಿಡಬೇಡ. ನಿನ್ನ ಸ್ವಂತ ಬುದ್ಧಿ ಮಾತ್ರ ಖರ್ಚು ಮಾಡಬೇಡ."

"ಆಯ್ತವ್ವಾ."

ಹೊಸ ಆಯಿಲ್ ಹಾಕಿದಳು. ಶನಿವಾರ ಮಧ್ಯಾಹ್ನ ಇನ್ನೊಂದು ಉಪಾಯ ಹೊಳೆಯಿತು. ಸೈಲೆನ್ಸರಿಗೆ ಪೈಪು ಸಿಕ್ಕಿಸಿ ಹೊಗೆ ಹೊರಕ್ಕೆ ಬಿಟ್ಟಳು, ಶಟರು ಎಳೆದು ಕತ್ತಲೆ ಮಾಡಿದಳು. ಓಬಯ್ಯನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದಳು. "ಒತ್ತು!" ಅಂದಳು.

ಇಂಜಿನ್ನಿನ ಸುತ್ತು ಎಣಿಸೋ ಮೀಟರಿನ ಮುಳ್ಳು ಆರು ಸಾವಿರ ದಾಟಿತು. ಪಟ್ ಪಟ್! ಕತ್ತಲಲ್ಲಿ ಒಂದು ಪ್ಲಗ್ಗಿನ ವೈರಿನಿಂದ ನೀಲಿ ಕಿಡಿ ಚಿಟಿಚಿಟಿ ಅಂತ ಕಬ್ಬಿಣಕ್ಕೆ ಹಾರುತ್ತಿತ್ತು. ಪ್ಲಗ್ಗಿಗೆ ಹೋಗಬೇಕಾದ ಕಿಡಿ ಹಾದಿಯಲ್ಲೇ ಸೋರುತ್ತಿತ್ತು!

"ಸಿಕ್ಕಿಬಿದ್ದನಲ್ಲೋ ಕಳ್ಳ! ಸಾಕು, ಆರಿಸು!"

ವೈರೆಲ್ಲ ಹೊಸದು ಹಾಕಿದಳು. ಶಟರು ಎತ್ತಿದಳು. ಅಷ್ಟು ಹೊತ್ತಿಗೆ ಪಾಲಾಕ್ಷಪ್ಪನೂ ಬಂದ. ಈ ಸಲ ಬೀಡಿ ಹೊರಗೇ ಎಸೆದು ಬಂದ.

"ಒತ್ತು ಓಬಾ!"

ಆರು ಸಾವಿರ. ಏಳು ಸಾವಿರ. ಗುಂಯ್ ಅಂತ ಒಂದೇ ಸದ್ದು. ಕೆಮ್ಮಿಲ್ಲ, ದಮ್ಮಿಲ್ಲ! ಪಾಲಾಕ್ಷಪ್ಪ ಕುಣಿದುಬಿಟ್ಟ. "ಗೆದ್ದೆ ಮಾರಕ್ಕ! ಸೋಮವಾರದಿಂದ ನಿನಗೆ ಪುರುಸೊತ್ತೇ ಇರಲ್ಲ! ಇರು, ಪೇಡಾ ತರ್ತೀನಿ!" ಅಂತ ಓಡಿದ.

ಮಾರಕ್ಕ ಹೊರಗಿನ ಬೆಂಚಿನ ಮೇಲೆ ಕೂತಳು. ಗ್ಯಾರೇಜು ಉಳೀತು ಅಂದುಕೊಂಡಳು. ಒಳಗೆ ಇಂಜಿನ್ನು ಗುಂಯ್ ಅನ್ನುತ್ತಿತ್ತು, ಜೋಗುಳದ ಹಾಗೆ. ಎಷ್ಟು ದಿನದ ನಿದ್ದೆಯೋ, ಗೋಡೆಗೆ ತಲೆ ಒರಗಿಸಿದ್ದೇ ಕಣ್ಣು ಮುಚ್ಚಿಹೋಯಿತು.

ಢಮಾರ್!

ಎದ್ದು ಓಡಿದಳು. ಇಂಜಿನ್ನಿನ ಹೊಟ್ಟೆ ಒಡೆದು ಕಬ್ಬಿಣದ ತುಂಡು ಹೊರಗೆ ಇಣುಕುತ್ತಿತ್ತು. ಹೊಸ ಆಯಿಲ್ ನೆಲದ ಮೇಲೆಲ್ಲ ಹರಿಯುತ್ತಿತ್ತು. ಬಾಗಿಲಲ್ಲಿ ಪಾಲಾಕ್ಷಪ್ಪ ಪೇಡಾ ಪೊಟ್ಟಣ ಹಿಡಿದುಕೊಂಡು ಕಲ್ಲಾಗಿದ್ದ.

ಓಬಯ್ಯ ಸೀಟು ಬಿಟ್ಟು ಅಲುಗಾಡಿರಲಿಲ್ಲ. ಆಕ್ಸಿಲೇಟರು ನೆಲಕ್ಕಂಟುವ ಹಾಗೆ ಒತ್ತಿಕೊಂಡೇ ಇದ್ದ. ಮುಖದ ತುಂಬ ಬೆವರು, ಬಾಯ್ತುಂಬ ನಗು.

"ಕೆಮ್ಮು ಪೂರ್ತಿ ನಿಂತೋಯ್ತು ಅವ್ವಾ! ಈಗ ಉಸಿರಿನ ಸದ್ದೂ ಇಲ್ಲ. ಇನ್ನೂ ಒತ್ತಲಾ?"