ತಲೆಕೆಳಗಾದ ಖರ್ಜೂರದ ಪೆಟ್ಟಿಗೆ

ಅಣ್ಣಾ, ನೀನು ನಂಬಲ್ಲ, ಈಗಷ್ಟೇ ನಮ್ ಸಾಹೇಬ್ರು ನಂಗೆ ಅಂಗಡೀನೇ ಕೊಡ್ತೀನಿ ಅಂದ್ರು!

ಬೆಳಿಗ್ಗೆ ರಂಜಾನ್ ಮಾಲು ತುಂಬ್ತಿದ್ದೆ. ಗೌಸ್‌ಪೀರ್ ಸಾಹೇಬ್ರು ಬಂದು, "ಲೇ, ಒಳ್ಳೇ ಖರ್ಜೂರ ಮೇಲೆ, ನಜ್ಜಾಗಿದ್ದು ಕೆಳಗೆ. ಇಲ್ದಿದ್ರೆ ನಾಳೆಯಿಂದ ಬರ್ಬೇಡ" ಅಂದ್ರು. ಐಬು ಮುಚ್ಚಿ ಮಾರಿದ್ರೆ ದುಡಿಮೇಲಿ ಬರಕತ್ ಇರಲ್ಲ ಅಂತಿದ್ರು ನಮ್ಮಬ್ಬ. ಏನ್ಮಾಡ್ಲಿ? ಹೇಳಿದಂಗೇ ತುಂಬ್ದೆ. ಆಮೇಲೆ ಅಷ್ಟೂ ರಟ್ಟಿನ ಪೆಟ್ಟಿಗೆ ಬೋರಲು ಹಾಕಿ, ತಳ ಬಿಚ್ಚಿಟ್ಟೆ!

ಒಬ್ರು ವಯಸ್ಸಾದ ಖಾಲಾ ಕೊಳ್ಳೋಕೆ ಬಂದು, "ಥೂ, ಮೇಲೆಲ್ಲ ಬರೀ ನಜ್ಜು!" ಅಂದ್ರು.

"ತೋಡಿ ನೋಡಿ ಖಾಲಾ, ಕೆಳಗೆ ಬಂಗಾರ."

ತೋಡಿದ್ರು, ಬಿದ್ದು ಬಿದ್ದು ನಕ್ರು. "ಬಜಾರಲ್ಲಿ ತೋಡಿದಷ್ಟೂ ಒಳ್ಳೇದಾಗೋ ಪೆಟ್ಟಿಗೆ ಇದೊಂದೇ" ಅಂತ ಎಲ್ರಿಗೂ ಸಾರಿಬಿಟ್ರು. ಮಧ್ಯಾಹ್ನಕ್ಕೆ ಎಲ್ಲಾ ಖಾಲಿ!

ಸುದ್ದಿ ಕೇಳಿ ಸಾಹೇಬ್ರು ಕೆಂಡ ಆಗಿ ಬಂದ್ರು. "ನೀವು ಹೇಳ್ದಂಗೇ ತುಂಬಿದ್ದು" ಅಂದೆ. ಖಾಲಿ ಕಟ್ಟೆ ನೋಡಿ ತಣ್ಣಗಾದ್ರು. "ಬದ್ಮಾಶ್! ಮಸೀದಿ ರಸ್ತೆ ಅಂಗಡಿ ನೀನೇ ನೋಡ್ಕೋ, ಲಾಭ ನಷ್ಟ ಇಬ್ರಿಗೂ ಅರ್ಧರ್ಧ. ಆದ್ರೆ ಈ ತಮಾಷೆ ಒಂದಿನಕ್ಕೆ ಸಾಕು. ಅಲ್ಲಿ ನಜ್ಜು ಕೆಳಗೇ ಇರ್ಬೇಕು, ಪೆಟ್ಟಿಗೆ ಮೇಲಿಂದಲೇ ತೆಗೀಬೇಕು."

ಅಬ್ಬ ತೀರ್ಕೊಂಡ ಮೇಲೆ ನಾವು ಸಾಹೇಬ್ರಿಗೆ ಮಾರಿದ್ದು ಅದೇ ಅಂಗಡಿ ಕಣಣ್ಣಾ! ಅದನ್ನ ನೋಡೋಕೇ ದಿನಾ ಬಳಸಿ ಮನೆಗೆ ಹೋಗ್ತೀನಿ. ಬಾಗಿಲ ಮೇಲೆ ಅಬ್ಬ ಬರೆಸಿದ ಹೆಸರು ಬಣ್ಣದಡಿ ಇನ್ನೂ ಕಾಣುತ್ತೆ.

ಆ ಹೆಸರಿನಡಿ ಐಬು ಮುಚ್ಚಿ ಮಾರ್ಲಾ? "ಬೇಡ ಸಾಹೇಬ್ರೇ" ಅಂದು ಬಂದ್ಬಿಟ್ಟೆ. ಆದ್ರೂ ಕಾಲು ಆ ಅಂಗಡಿ ಕಡೆಗೇ ಎಳೀತಿದೆ. ನೀನಾಗಿದ್ರೆ ಏನ್ಮಾಡ್ತಿದ್ದೆ, ಹೇಳಣ್ಣಾ?