ಮೂಡಲಗಾಳಿ ತವರಿಗೆ ಹೊರಟದ್ದು

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಮೂಡಲಗಾಳಿ ಆಗಷ್ಟೇ ಕಡಲಮ್ಮನ ಮನೆಗೆ ಸೊಸೆಯಾಗಿ ಬಂದಿದ್ದಳು.

ಅವಳಿಗೆ ಒಂದೇ ಕೆಲಸ. ಬಿಸಿಲಿಗೆ ಕಾದ ಮೇಲಿನ ನೀರನ್ನು ಹಾಲಿನ ಕೆನೆ ಸರಿಸಿದ ಹಾಗೆ ಪಡುವಣಕ್ಕೆ ತಳ್ಳುವುದು. ಆ ಬಿಸಿನೀರು ಪಡುವಣದಲ್ಲಿ ಮೋಡವಾಗಿ, ಮಳೆಯಾಗಿ ಸುರಿಯುತ್ತಿತ್ತು. ಇತ್ತ ಮೂಡಣದಲ್ಲಿ ಅಡಿಯ ತಣ್ಣೀರು ಮೀನುಗಳ ಊಟ ಹೊತ್ತು ಮೇಲೆ ಬರುತ್ತಿತ್ತು. ಹಬ್ಬವಿರಲಿ, ಹುಣ್ಣಿಮೆಯಿರಲಿ, ತಳ್ಳು, ತಳ್ಳು, ತಳ್ಳು! ಸೊಸೆಗೆ ಬಿಡುವು ಕೊಡುವವರು ಯಾರು?

ಹೀಗಿರುವಾಗ ಮೂಡಲಗಾಳಿ ಬಸುರಿಯಾದಳು. ತಳ್ಳಿದರೆ ಏದುಸಿರು. ಹೆರಿಗೆಗೆ ಕರೆಯಲು ತವರಿನವರು ಬರಬೇಕು. ಆದರೆ ಅವಳ ತಾಯಿ ಬೆಟ್ಟದವ್ವ ಎದ್ದು ನಡೆದಾಳೆಯೇ? ಹಸಿರು ಬಳೆ ಕೊಟ್ಟು ಒಂದು ಪುಟ್ಟ ಮೋಡವನ್ನು ಕಳಿಸಿದಳು.

"ಅಕ್ಕಾ, ಅವ್ವ ಕಾಯ್ತಿದ್ದಾಳೆ. ಹೊರಡು," ಎಂದಿತು ಮೋಡ.

"ಹೆಂಗೆ ಬರಲೋ ತಮ್ಮಾ? ನಾನು ನಿಂತ್ರೆ ಬಿಸಿನೀರು ವಾಪಸ್ ಬರುತ್ತೆ. ಮೀನುಗಳು ಉಪವಾಸ ಬೀಳ್ತವೆ."

ಪಾಪ, ಅವಳ ಕಣ್ಣು ತುಂಬಿತ್ತು. ಕಡಲಮ್ಮ ಮಾತ್ರ ಕೇಳಿಯೂ ಕೇಳದ ಹಾಗೆ ಅಲೆಗಳನ್ನು ಎಣಿಸುತ್ತಿದ್ದಳು.

ಆಗ ಒಂದು ಬೂತಾಯಿ ಮೀನು ನೀರಿನಿಂದ ತಲೆಯೆತ್ತಿತು. ಅದರ ಹೊಟ್ಟೆ ತುಂಬ ಮೊಟ್ಟೆ.

"ಹೋಗಿ ಬಾ ತಾಯಿ. ನಾನೂ ಬಸುರಿಯೇ. ನಿನ್ನ ಸಂಕಟ ನನಗೆ ತಿಳಿಯದಾ?"

"ನಿನ್ನ ಮರಿಗಳಿಗೆ ಊಟ?"

"ತಣ್ಣೀರು ಹುಡುಕ್ಕೊಂಡು ಹೋಗ್ತೇವೆ. ಕೆಲವರು ಉಳಿಯಲಿಕ್ಕಿಲ್ಲ. ಆದರೆ ನೀನೇ ಉಳಿಯದಿದ್ದರೆ ನಾವ್ಯಾರೂ ಇಲ್ಲ."

ಕಡಲಮ್ಮನಿಗೆ ನಾಚಿಕೆಯಾಯಿತು. ಅಷ್ಟು ಚಿಕ್ಕ ಮೀನಿಗಿರುವ ಕರುಳು ತನಗಿಲ್ಲದೆ ಹೋಯಿತಲ್ಲ! ತಾನೇ ಸೊಸೆಯ ಕೈಗೆ ಬಳೆ ತೊಡಿಸಿದಳು. "ಹೋಗಮ್ಮಾ. ಮೈ ಗಟ್ಟಿಯಾದ ಮೇಲೆಯೇ ಬಾ. ಪ್ರತಿ ಹೆರಿಗೆಗೂ ಹೋಗು."

ಮೂಡಲಗಾಳಿ ಹೊರಟಳು. ಬಿಸಿನೀರು ಮೂಡಣಕ್ಕೆ ಮರಳಿ ಹರಿಯಿತು. ಮಳೆ ಬೀಳಬೇಕಾದ ಕಡೆ ಬೀಳಲಿಲ್ಲ, ಬೇಡವಾದ ಕಡೆ ಧೋ ಎಂದು ಸುರಿಯಿತು. ಬೂತಾಯಿ ಬಳಗ ಕಟ್ಟಿಕೊಂಡು ದೂರ ಈಜಿತು. ಎಲ್ಲರಿಗೂ ಕಷ್ಟವಾಯಿತು, ಆದರೂ ಯಾರೂ ಅವಳನ್ನು ಬಯ್ಯಲಿಲ್ಲ.

ವರ್ಷ ತುಂಬುವ ಹೊತ್ತಿಗೆ ಅವಳು ಕಂಕುಳಲ್ಲಿ ಕೂಸಿನೊಂದಿಗೆ ಬಂದಳು. ಬಾಣಂತನದ ತುಪ್ಪ ಉಂಡ ಮೈಯಲ್ಲವೇ, ಅವಳು ಒಂದೇ ಸಮ ತಳ್ಳಿದ್ದಕ್ಕೆ ಕಡಲು ಎಂದಿಗಿಂತ ತಣ್ಣಗಾಯಿತು.

ಇಂದಿಗೂ ಕೆಲವು ವರ್ಷಗಳಿಗೊಮ್ಮೆ ಕಡಲು ಬಿಸಿಯಾಗಿ, ಮಳೆ ತಡವಾಗಿ, ನೀನು ಬಾಗಿಲಲ್ಲಿ ನಿಂತು ಮುಗಿಲು ನೋಡುತ್ತೀಯಲ್ಲ ಮಗೂ, ಮುನಿಸಿಕೊಳ್ಳಬೇಡ; ಮೂಡಲಗಾಳಿ ಆಗ ತವರಿನಲ್ಲಿ ಇನ್ನೊಂದು ಪುಟ್ಟ ಗಾಳಿಗೆ ಹಾಲೂಡಿಸುತ್ತಿರುತ್ತಾಳೆ.