ಖಾಲಿ ದೋಣಿಗಳ ಹಾಜರಿ

ಅಳಿವೆಯ ತಿರುವಿನಲ್ಲಿ ಐದು ಖಾಲಿ ಕಯಾಕ್ ದೋಣಿಗಳು ಸಾಲಾಗಿ ತೇಲಿ ಬಂದವು. "ಎಲ್ಲರೂ ಇದ್ದೀರಾ?" ಎಂದು ಮುಂದಿನ ಕೆಂಪು ದೋಣಿ ಕೂಗಿತು. "ಇದ್ದೇವೆ" ಎಂದವು ಹಿಂದಿನ ನಾಲ್ಕೂ.

ದಂಡೆಯ ನೀರುನಾಯಿ ಕೇಳಿತು: "ನಿಮ್ಮಲ್ಲಿ ಕೂತು ಬಂದವರೆಲ್ಲಿ?"

"ಹಕ್ಕಿ ನೋಡಲೆಂದು ಮರಳುದಿಬ್ಬದ ಮೇಲೆ ಇಳಿದರು. ನಮ್ಮನ್ನು ಕಟ್ಟಲಿಲ್ಲ. ಉಬ್ಬರ ಬಂತು, ನಾವು ಹೊರಟೆವು."

"ದಿಬ್ಬ ಮುಳುಗುತ್ತದಲ್ಲ! ಹಿಂದಿರುಗಿ."

"ತಿರುಗಿದರೆ ಸಾಲು ಕೆಡುತ್ತದೆ. ತಿರುವಿಗೊಮ್ಮೆ ಹಾಜರಿ ಕರೆಯಬೇಕೆಂದು ಗೈಡ್ ದತ್ತಣ್ಣನೇ ಕಲಿಸಿದ್ದು. ಈವರೆಗೆ ಒಬ್ಬರೂ ತಪ್ಪಿಲ್ಲ," ಎಂದು ಕೆಂಪು ದೋಣಿ ಬೀಗಿತು.

ಅಷ್ಟರಲ್ಲಿ ಹಿಂದೆ, ದೂರದಿಂದ, ದತ್ತಣ್ಣನ ಕೂಗು ಕೇಳಿಸಿತು: "ಎಲ್ಲರೂ ಇದ್ದೀರಾ?" ದಿಬ್ಬದ ಮೇಲಿಂದಲೇ ನಾಲ್ಕು ದನಿಗಳು ಓಗೊಟ್ಟವು.

ದೋಣಿಗಳು ಮುಂದಿನ ತಿರುವು ಮುಟ್ಟುವಾಗ ಅದೇ ಕೂಗು ಮತ್ತೆ ಬಂತು. ಈ ಸಲ ಓಗೊಟ್ಟದ್ದು ಮೂರೇ ದನಿ.